ಮೂರು ಡ್ರೈವರ್, ಒಂದು ಲಗ್ನಪತ್ರಿಕೆ

ಕಂಪ್ಯೂಟರ್ ರಿಪೇರಿ ಮಾಡುವವನ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗದ ವಾರ ಯಾವುದಾದರೂ ಇದ್ದರೆ ಅದು ಕರೆಂಟ್ ಇಲ್ಲದ ವಾರ.

ಗೋಕಾಕದಲ್ಲಿ ನನ್ನದೊಂದು ಸಣ್ಣ ಅಂಗಡಿ. ಇತ್ತ ಮೂಡಲಗಿ, ಅತ್ತ ಹುಕ್ಕೇರಿ, ಯಾರು ಕರೆದರೂ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಹುಕ್ಕೇರಿಯಲ್ಲಿ ಒಬ್ಬ ಅಕ್ಕಾವ್ರು ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟು ಅರ್ಜಿ, ಲಗ್ನಪತ್ರಿಕೆ ತಯಾರಿಸಿಕೊಡುತ್ತಿದ್ದರು. ಹಿಂದೆ ಟೈಪಿಂಗ್ ಕಲಿಸಿದವರಾದ್ದರಿಂದ, ಕಲಿಸುವ ಹೆಂಗಸರನ್ನು ನಮ್ಮ ಕಡೆ ಕರೆಯುವಂತೆ, ಊರಿಗೆಲ್ಲ ಅಕ್ಕಾವ್ರೇ. ಅವರ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತ್ತು. ಹೊಸ ಬೋರ್ಡ್ ಹಾಕಿದೆ. ಹಳೆಯ ವಿಂಡೋಸ್ ಅದಕ್ಕೆ ಹೊಂದಿಕೊಳ್ಳಲಿಲ್ಲ. ಅಕ್ಕಾವ್ರ ಕಡತಗಳನ್ನು ಡಿಸ್ಕಿನ ಇನ್ನೊಂದು ಭಾಗಕ್ಕೆ ನಕಲು ಮಾಡಿ, ಹಳೆಯದನ್ನೆಲ್ಲ ಅಳಿಸಿ, ಹೊಸದಾಗಿ ವಿಂಡೋಸ್ ಹಾಕಿದೆ. ಬೋರ್ಡ್ ಬದಲಿಸುವ ಕೆಲಸ ನನಗೆ ಅದು ಎರಡನೆಯದು. ಮೊದಲನೆಯದರ ವಿಷಯ ಕೇಳಬೇಡಿ.

ಬೆಳಿಗ್ಗೆಯಿಂದಲೇ ಬಾಗಿಲ ಬಳಿಯ ಬೆಂಚಿನ ಮೇಲೆ ಘೋಡಗೇರಿಯ ಕಾಕಾ ಒಬ್ಬರು ಕೂತಿದ್ದರು. ಅವರ ಮಗಳ ಲಗ್ನಪತ್ರಿಕೆ ಆ ಕಂಪ್ಯೂಟರಿನಲ್ಲಿತ್ತು. ಸಂಜೆಯೊಳಗೆ ಅದರ ಪ್ರತಿ ತೆಗೆದು ಹಿಂದಿನ ಓಣಿಯ ಪ್ರೆಸ್ಸಿಗೆ ಕೊಡಬೇಕು, ಮರುದಿನ ಮೊದಲ ಪತ್ರಿಕೆ ದೇವರ ಮುಂದಿಟ್ಟು ಹಂಚಲು ಹೊರಡಬೇಕು. ಇವತ್ತು ಆಗುತ್ತದೆಯಲ್ಲವೇ ಎಂದು ಕೇಳಿದರು. ಖಂಡಿತ ಆಗುತ್ತದೆ ಎಂದೆ. ಏನೂ ಗೊತ್ತಿಲ್ಲದವನಿಗೆ ಧೈರ್ಯ ಬಹಳ.

ಪರದೆ

ಹೊಸ ವಿಂಡೋಸ್ ಹಾಕಿದರೆ ಸಾಲದು. ಪರದೆ, ಸ್ಪೀಕರ್, ಪ್ರಿಂಟರ್ ಒಂದೊಂದನ್ನೂ ಕಂಪ್ಯೂಟರಿಗೆ ಪರಿಚಯ ಮಾಡಿಕೊಡುವ ಡ್ರೈವರ್ ಎಂಬ ತಂತ್ರಾಂಶ ಬೇರೆ ಹಾಕಬೇಕು. ಅಲ್ಲಿಯವರೆಗೆ ಪರದೆಯ ಮೇಲೆ ಎಲ್ಲವೂ ದೊಡ್ಡ ದೊಡ್ಡದು, ಬಣ್ಣ ನಾಲ್ಕಾರು.

ಅಕ್ಕಾವ್ರ ಅತ್ತೆ, ಎಲ್ಲರೂ ಆಯಿ ಅನ್ನುವವರು, ಅದೇ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚದ ಮೇಲೆ ಜಪಸರ ಹಿಡಿದು ಕೂತಿರುತ್ತಿದ್ದರು. ಕಣ್ಣು ಮಂಜು. ಅಂದು ಪರದೆಯನ್ನು ನೋಡಿ ಜಪ ನಿಲ್ಲಿಸಿದರು. ಅಲ್ಲೊಂದು ಕಸದ ಡಬ್ಬಿ ಕಾಣುತ್ತದೆ, ಅದರ ಮೇಲೊಂದು ಕಂಪ್ಯೂಟರ್ ಕಾಣುತ್ತದೆ ಎಂದು ಕೂತಲ್ಲಿಂದಲೇ ಎಣಿಸತೊಡಗಿದರು. ಇಷ್ಟು ವರ್ಷ ಸೊಸೆ ಅದರೊಳಗೆ ಏನು ನೋಡುತ್ತಾಳೆಂಬುದು ತನಗೆ ಇಂದು ತಿಳಿಯಿತು ಎಂದು ನನ್ನನ್ನು ಬಾಯಿತುಂಬ ಹರಸಿದರು. ಎರಡು ಉಂಡಿ ಕೊಡಿಸಿದರು.

ಉಂಡಿ ತಿಂದು, ಉತ್ಸಾಹ ಹೆಚ್ಚಾಗಿ, ಪರದೆಯ ಡ್ರೈವರ್ ಹಾಕಿದೆ. ಬಣ್ಣಗಳೆಲ್ಲ ಬಂದವು, ಅಕ್ಷರ, ಚಿತ್ರಗಳೆಲ್ಲ ತಮ್ಮ ಸರಿಯಾದ ಗಾತ್ರಕ್ಕೆ ಇಳಿದವು. ಅಕ್ಕಾವ್ರು ಈಗ ಸರಿಹೋಯಿತು ಎಂದರು. ನಾನು ಹೆಮ್ಮೆಯಿಂದ ಆಯಿಯ ಕಡೆ ತಿರುಗಿದೆ. ಅವರು ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ಹುಡುಕಿದರು.

“ಚಲೋ ಇದ್ದದ್ದನ್ನ ಕೆಡಿಸಿದಿಯಲ್ಲೊ ಬಾಳಾ,” ಎಂದರು. “ಉಂಡಿ ಕೊಡೂದರಾಗ ನಾನ ಅವಸರ ಮಾಡಿದೆ.”

ಸ್ಪೀಕರ್

ಮುಂದಿನದು ಧ್ವನಿಯ ಡ್ರೈವರ್. ಹಾಕಿದೆ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ಸದ್ದಿಲ್ಲ. ತೆಗೆದು ಮತ್ತೆ ಹಾಕಿದೆ. ಸದ್ದಿಲ್ಲ. ವಾಯರು ಬಿಚ್ಚಿ ಊದಿ ಸಿಕ್ಕಿಸಿದೆ, ಇನ್ನೊಮ್ಮೆ ಹಾಕಿದೆ. ಪರದೆ ಮಾತ್ರ ಎಲ್ಲವೂ ಸರಿಯಾಗಿದೆ ಎಂದು ಹೇಳುತ್ತಿತ್ತು. ಬೋರ್ಡೇ ಕೆಟ್ಟದ್ದು ಬಂದಿರಬೇಕು, ಇನ್ನು ಬೆಳಗಾವಿಗೆ ಒಯ್ಯಬೇಕಾದೀತು ಎಂದು ಅಕ್ಕಾವ್ರಿಗೆ ಗಂಭೀರವಾಗಿ ಹೇಳಿದೆ.

ಆಯಿ ಜಪ ಮುಗಿಸಿ, ಸರವನ್ನು ಕಣ್ಣಿಗೊತ್ತಿಕೊಂಡು, ಏನು ಹುಡುಕುತ್ತಿದ್ದೀಯ ಎಂದು ಕೇಳಿದರು. ಸದ್ದು ಬರುತ್ತಿಲ್ಲ ಎಂದೆ. ಸದ್ದು ಬೇಕಾಗಿತ್ತೇನು, ಮೊದಲೇ ಹೇಳಬಾರದೇ ಎಂದು ಕಿಟಕಿಯ ಕಟ್ಟೆಯ ಮೇಲಿದ್ದ ಸ್ಪೀಕರಿನ ಗುಂಡಿಯನ್ನು ತಿರುವಿದರು. ಜಪಕ್ಕೆ ಅಡ್ಡಿಯಾಗುತ್ತದೆಂದು ವರ್ಷದ ಹಿಂದೆಯೇ ಅದನ್ನು ಪೂರ್ತಿ ಇಳಿಸಿಟ್ಟವರು ಅವರೇ. ಸದ್ದು ಓಣಿಗೆಲ್ಲ ಕೇಳುವಷ್ಟು ಬಂತು.

ನನ್ನ ಮುಖದಲ್ಲಿ ನಗು ಮೂಡುವ ಹೊತ್ತಿಗೆ ಬೆಂಚಿನ ಕಡೆಯಿಂದ ಘೋಡಗೇರಿ ಕಾಕಾ ಕೆಮ್ಮಿದರು.

“ಒಂದು ಮಾತು ಕೇಳ್ಲೇನ್ರಿ? ಲಗ್ನಪತ್ರಿಕಿ ಸಪ್ಪಳಾ ಮಾಡ್ತೈತೇನು?”

ಪ್ರಿಂಟರ್

ಪ್ರಿಂಟರಿನ ಡ್ರೈವರ್ ಇದ್ದ ಸಿಡಿ ಮನೆಯಲ್ಲಿ ಎಲ್ಲೂ ಸಿಗಲಿಲ್ಲ. ಸಂಕೇಶ್ವರದಲ್ಲಿ ಕಂಪ್ಯೂಟರ್ ಕಲಿಸುವ ಗೆಳೆಯನಿದ್ದ, ಅವನ ಹತ್ತಿರ ಅದೇ ಪ್ರಿಂಟರ್ ಇತ್ತು. ಪಕ್ಕದ ಎಸ್‌ಟಿಡಿ ಬೂತಿನಿಂದ ಅವನಿಗೆ ಫೋನ್ ಮಾಡಿದೆ. ಡ್ರೈವರ್ ಒಂದು ಫ್ಲಾಪಿಯಲ್ಲಿ ಹಿಡಿಸುವುದಿಲ್ಲ, ಮೂರು ತುಂಡು ಮಾಡಿ ಮೂರು ಫ್ಲಾಪಿಗೆ ಹಾಕಿ ಬಸ್ಸಿನಲ್ಲಿ ಕಳಿಸುತ್ತೇನೆ ಎಂದ. ನಮ್ಮ ಕಡೆ ಕಂಡಕ್ಟರ್ ಕೈಗೆ ಕೊಟ್ಟ ವಸ್ತು ಊರು ಮುಟ್ಟದೆ ಇರುವುದಿಲ್ಲ.

ಸ್ಟ್ಯಾಂಡಿಗೆ ಹೋಗಿ ನಿಂತೆ. ಮೊದಲ ಬಸ್ಸಿನ ಕಂಡಕ್ಟರ್ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟ. ಬಿಚ್ಚಿದರೆ ಒಂದೇ ಫ್ಲಾಪಿ. ಮುಂದಿನ ಬಸ್ಸಿನಲ್ಲಿ ಇನ್ನೊಂದು ಬಂತು. ಅದರ ಮುಂದಿನ ಬಸ್ಸಿನಲ್ಲಿ ಏನೂ ಬರಲಿಲ್ಲ. ಮತ್ತೆ ಫೋನ್ ಮಾಡಿ, ಮೂರನ್ನೂ ಒಟ್ಟಿಗೆ ಕಳಿಸಲು ಏನಾಗಿತ್ತು ಎಂದು ರೇಗಿದೆ.

“ಒಂದ ಬಸ್ಸಿನ್ಯಾಗ ಮೂರೂ ಹಾಕಿ, ಆ ಬಸ್ಸ ಕೆಟ್ಟು ನಿಂತ್ರ?” ಎಂದ ಗೆಳೆಯ ಶಾಂತವಾಗಿ. “ಈಗ ನೋಡು, ಎರಡಾದ್ರೂ ಬಂದು ಮುಟ್ಟ್ಯಾವಿಲ್ಲೊ.”

ಮೂರೂ ಕೂಡದೆ ಒಂದಕ್ಕೂ ಬೆಲೆಯಿಲ್ಲ ಎಂಬುದನ್ನು ಕಂಪ್ಯೂಟರ್ ಕಲಿಸುವವನಿಗೇ ನಾನು ಕಲಿಸಬೇಕಾಯಿತು. ಮೂರನೆಯ ಪೊಟ್ಟಣದ ಮೇಲೆ ಅವನು ರೂಢಿಯಂತೆ ಗೋಕಾಕದ ನನ್ನ ಅಂಗಡಿಯ ವಿಳಾಸ ಬರೆದಿದ್ದ. ಆ ಕಂಡಕ್ಟರ್ ಬಹಳ ನಿಷ್ಠೆಯವನು. ಹುಕ್ಕೇರಿಯಲ್ಲಿ ಕೈ ಬೀಸುತ್ತ ನಿಂತ ನನ್ನನ್ನು ದಾಟಿ ಗೋಕಾಕಕ್ಕೆ ಹೋಗಿ, ನನ್ನ ಅಂಗಡಿ ಮುಚ್ಚಿದ್ದು ನೋಡಿ, ಬಾಜೂ ಚಹಾದಂಗಡಿಯವನ ಕೈಗೆ ಕೊಟ್ಟು ಹೋಗಿದ್ದ. ನಾನು ಎಲ್ಲಿದ್ದೇನೆಂದು ಗೊತ್ತಿದ್ದ ಚಹಾದಂಗಡಿಯವನು ಅದನ್ನು ತಿರುಗಿ ಹುಕ್ಕೇರಿ ಬಸ್ಸಿಗೆ ಹಾಕಿದ. ಹೊತ್ತು ಇಳಿಯುವಾಗ ಅದು ನನ್ನ ಕೈ ಸೇರಿತು. ಆ ಕಂಡಕ್ಟರುಗಳ ಹೆಸರು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಒಬ್ಬೊಬ್ಬರಿಗೂ ಕೈಮುಗಿಯುತ್ತಿದ್ದೆ. ಮೂರನೆಯವನಿಗೆ ಮಾತ್ರ, ಮುಗಿಯುವ ಮೊದಲು, ಸ್ವಲ್ಪ ಯೋಚನೆ ಮಾಡುತ್ತಿದ್ದೆ.

ಪತ್ರಿಕೆ

ಪ್ರಿಂಟರ್ ನಡೆಯಿತು. ಪರೀಕ್ಷೆಯ ಹಾಳೆ ಹೊರಬಂದಾಗ ಕಾಕಾ ಮೊದಲ ಸಲ ಬೆಂಚು ಬಿಟ್ಟು ಎದ್ದರು. ಅಕ್ಕಾವ್ರು ಕುರ್ಚಿಗೆ ಬಂದು ಲಗ್ನಪತ್ರಿಕೆ ತೆಗೆಯಹೋದರು. ಅಲ್ಲಿ ಹುಡುಕಿದರು, ಇಲ್ಲಿ ಹುಡುಕಿದರು. ನಾನು ನಕಲು ಮಾಡಿಟ್ಟದ್ದರಲ್ಲಿ ಅವರ ಅರ್ಜಿಗಳೂ ಪತ್ರಗಳೂ ಇದ್ದವು. ಲಗ್ನಪತ್ರಿಕೆಗಳನ್ನು ಮಾತ್ರ ಅವರು ಪುಟ ಕಟ್ಟುವ ತಂತ್ರಾಂಶದ ಒಳಗೇ ಇಡುತ್ತಿದ್ದರಂತೆ. ಆ ಜಾಗವನ್ನು ನಾನು ಬೆಳಿಗ್ಗೆಯೇ ಒರೆಸಿಹಾಕಿದ್ದೆ.

ಒಬ್ಬ ತಂದೆ ಬೆಳಗಿನಿಂದ ನನ್ನನ್ನೇ ನಂಬಿ ಕೂತಿದ್ದಾನೆ, ನಾನು ಅವನ ಮಗಳ ಲಗ್ನವನ್ನೇ ಅಳಿಸಿದ್ದೇನೆ. ಹೇಗೋ ಬಾಯಿ ಬಿಟ್ಟು ಹೇಳಿದೆ. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

ಕಾಕಾ ಹತ್ತಿರ ಬಂದು ಹೆಸರುಗಳೆಲ್ಲವೂ ಹೋದವೇ ಎಂದು ಕೇಳಿದರು. ಹೋದವು ಎಂದೆ. ಒಂದೂ ಉಳಿದಿಲ್ಲವೇ ಎಂದರು. ಇಲ್ಲ ಎಂದೆ. ತಿದ್ದಿದ ಪ್ರತಿ ನಿಮ್ಮ ಹತ್ತಿರ ಇರಬೇಕಲ್ಲ ಎಂದು ಅಕ್ಕಾವ್ರು ನೆನಪಿಸಿದರು. ಕಾಕಾ ಅಂಗಿಯ ಕಿಸೆಯ ಮೇಲೆ ಅಂಗೈ ಒತ್ತಿ ಹಿಡಿದು, ಇಲ್ಲ, ಅದು ಎಲ್ಲೋ ಕಳೆದುಹೋಯಿತು ಎಂದರು. ಬೆರಳ ಸಂದಿಯಿಂದ ಮಡಚಿದ ಕಾಗದದ ಅಂಚು ನನಗೆ ಚೆನ್ನಾಗಿಯೇ ಕಾಣುತ್ತಿತ್ತು.

ಪುಟ ಕಟ್ಟುವ ತಂತ್ರಾಂಶವನ್ನು ನಾನು ಅಕ್ಕಾವ್ರ ಸಿಡಿಯಿಂದ ಮತ್ತೆ ಹಾಕಿಕೊಟ್ಟೆ. ಆಮೇಲೆ ಕಾಕಾ ಸ್ಟೂಲ್ ಎಳೆದುಕೊಂಡು ಕೂತು, ಪತ್ರಿಕೆಯನ್ನು ಮೊದಲಿಂದ ಹೇಳಿ ಬರೆಸತೊಡಗಿದರು. ಮುಹೂರ್ತ, ಸ್ಥಳ ಎಲ್ಲ ಸರಾಗವಾಗಿ ಬಂತು. ‘ಸುಖಾಗಮನ ಬಯಸುವವರು’ ಎಂಬಲ್ಲಿಗೆ ಬಂದಾಗ ಮೊದಲು ತಮ್ಮ ತಂಗಿಯ ಹೆಸರು, ಅವಳ ಗಂಡನ ಹೆಸರು ಹೇಳಿದರು. ಅಕ್ಕಾವ್ರ ಬೆರಳು ನಿಂತಿತು. ಬಾವಿ ನೀರಿನ ಪಾಳಿಯ ಮೇಲೆ ಆ ತಂಗಿಯ ಗಂಡನಿಗೂ ಕಾಕಾರ ಅಣ್ಣನಿಗೂ ಜಗಳವಾಗಿ ಎರಡು ವರ್ಷದಿಂದ ಹೋಗಿಬರುವುದು ನಿಂತಿತ್ತು. ಅಣ್ಣ ಹಟ ಹಿಡಿದು ಆ ಎರಡು ಹೆಸರು ಹೊಡೆಸಿಹಾಕಿದ್ದರು. ಹೊಡೆಸುವಾಗ ಟೈಪ್ ಮಾಡಿದವರು ಅಕ್ಕಾವ್ರೇ. ಅವರು ಕಾಕಾರನ್ನು ನೋಡಿದರು. ಕಾಕಾ ನನ್ನನ್ನು ನೋಡಿದರು.

“ಅಣ್ಣ ಕೇಳಿದ್ರ, ಕಂಪ್ಯೂಟರ್‌ನವ ಎಲ್ಲಾ ಅಳಿಸಿಬಿಟ್ಟಾ, ನೆನಪಿದ್ದಷ್ಟು ಬರಿಸೇನಿ ಅಂತೀನಿ,” ಎಂದರು. “ಒಡಹುಟ್ಟಿದ ತಂಗಿ ಹೆಸರ ನೆನಪಿಲ್ಲಾ ಅಂತ ಹೆಂಗ ಹೇಳ್ಲಿ ತಮ್ಮಾ?”

ಎಲ್ಲ ನನ್ನ ಮೇಲೆಯೇ ಹಾಕಿ ಎಂದೆ. ಬೇಗ ಟೈಪ್ ಮಾಡಿ, ಹೊತ್ತು ಮುಳುಗುವುದರೊಳಗೆ ಊಟವಾಗಬೇಕು ಎಂದು ಆಯಿ ಒಳಗಿನಿಂದ ಕೂಗಿದರು. ಆ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಊಟವಿಲ್ಲ. ಪ್ರತಿ ತೆಗೆದು ಪ್ರೆಸ್ಸಿಗೆ ಕೊಟ್ಟು, ನಾವು ನಾಲ್ವರೂ ಕೂತು ರೊಟ್ಟಿ ತಿಂದೆವು. ಅಷ್ಟು ದೊಡ್ಡ ತಪ್ಪು ಮಾಡಿ ಅಷ್ಟು ಹಗುರಾಗಿ ನಾನು ಯಾವತ್ತೂ ಉಂಡಿಲ್ಲ.

ಲಗ್ನಕ್ಕೆ ಹೋಗಿದ್ದೆ. ಬಾಗಿಲಲ್ಲಿ ಆ ತಂಗಿಯೂ ಅವಳ ಗಂಡನೂ ಬಂದವರನ್ನು ಬರ್ರಿ ಬರ್ರಿ ಎಂದು ಕರೆಯುತ್ತಿದ್ದರು. ಪಂಕ್ತಿಯಲ್ಲಿ ಕೂತಾಗ ಕಾಕಾರ ಅಣ್ಣ ದೂರದಿಂದ ನನ್ನ ಕಡೆ ಬೆರಳು ತೋರಿಸಿ, ಅಳಿಸಿದವನು ಇವನೇನಾ ಎಂದು ಕೇಳಿದರು. ಇವನೇ ಎಂದರು ಕಾಕಾ, ಮುಖ ಬಿಗಿದುಕೊಂಡು. ಮತ್ತೆ ತಾವೇ ಬಂದು ನನ್ನ ಎಲೆಗೆ ಹೋಳಿಗೆಯ ಮೇಲೆ ಹೋಳಿಗೆ ಹಾಕಿ, ಸಾಕು ಅಂದರೂ ಕೇಳದೆ ತುಪ್ಪ ಸುರಿದು, ಯಾರಿಗೂ ಕಾಣದಂತೆ ಕೈಮುಗಿದು ಹೋದರು.

ತಿಂಗಳ ನಂತರ ಮೂಡಲಗಿಯಿಂದ ಒಬ್ಬ ಹಿರಿಯರು ನನ್ನ ಅಂಗಡಿ ಹುಡುಕಿಕೊಂಡು ಬಂದರು. ಕಂಪ್ಯೂಟರಿಗೆ ಏನಾಗಿದೆ ಎಂದು ಕೇಳಿದೆ. ನಮ್ಮ ಮನೆಯಲ್ಲಿ ಕಂಪ್ಯೂಟರೇ ಇಲ್ಲ ಎಂದರು. ಆಚೀಚೆ ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ಮಗನ ಲಗ್ನಪತ್ರಿಕಿ ಟೈಪ್ ಮಾಡಾಕ ಕೊಟ್ಟೇನ್ರಿ. ನಮ್ಮ ಮನ್ಯಾಗೂ ಹೆಸರಿನ ಜಗಳಾ ಐತಿ. ನೀವು ಒಮ್ಮಿ ಬಂದು ಆ ಮಷಿನ್ ನೋಡಿ ಹೋಗ್ರಿ. ಘೋಡಗೇರಿಯವ್ರು ಹೇಳಿದ್ರು, ನೀವು ಭಾಳ ಚಲೋ ಅಳಸ್ತೀರಂತ.”