ವಿಮಾನದ ಹವಾಮಾನ, ಹಳಿಯಾಳದ ಪೆಂಡಾಲ

ಹೆಂಡತಿ ಪಾಠ ಹೇಳುವಾಗ ಮುಜಾಫರ ಪಾಠ ಕೇಳದೆ ಅವಳ ಮುಖ ನೋಡುತ್ತ ಕೂತದ್ದೇ ಆ ದಿನದ ಎಲ್ಲ ಫಜೀತಿಗೂ ಕಾರಣ.

ಮುಜಾಫರ ಹಳಿಯಾಳದಲ್ಲಿ ಪೆಂಡಾಲ ಹಾಕುವವನು. ಅವನ ಹೆಂಡತಿ ಅಂಜುಮ ಬಿಎಸ್ಸಿ ಓದಿದವಳು. ವಿಮಾನ ನಿಲ್ದಾಣದ ಕೆಲಸಕ್ಕೆಂದು ಪರೀಕ್ಷೆಗೆ ತಯಾರಾಗುತ್ತಿದ್ದಳು. ವಿಮಾನದವರಿಗಾಗಿ ಬರುವ ಹವಾಮಾನದ ವರದಿ ಸಂಕೇತದ ಭಾಷೆಯಲ್ಲಿರುತ್ತದೆ. ಅಕ್ಷರ, ಅಂಕಿ, ಅಡ್ಡಗೀಟು ಸೇರಿ, ಕೋಳಿಯೊಂದು ಟೈಪ್ ಯಂತ್ರದ ಮೇಲೆ ಅಡ್ಡಾಡಿ ಹೋದ ಹಾಗೆ. ಅದನ್ನು ಅಂಜುಮ ಬೆಳಗಿನ ಚಹಾ ಆರುವುದರೊಳಗೆ ಓದಿ ಮುಗಿಸುತ್ತಿದ್ದಳು. ಗಾಳಿ ಯಾವ ಕಡೆಯದು, ಮೋಡ ಎಷ್ಟು ಎತ್ತರದಲ್ಲಿವೆ, ಮಂಜು ಎಷ್ಟು ದೂರ ಕಾಣಗೊಡುತ್ತದೆ, ಎಲ್ಲ ಹೇಳುವಳು. ಗೋವಾದ ವರದಿ, ಹುಬ್ಬಳ್ಳಿಯ ವರದಿ ಎರಡನ್ನೂ ಪಕ್ಕಪಕ್ಕ ಇಟ್ಟು, ನಡುವೆ ಸಿಕ್ಕ ಹಳಿಯಾಳದ ಗತಿ ಏನೆಂದೂ ತೂಗಿ ನೋಡುವಳು. ಬಹಳ ಸಲ ಹಾಗೇ ಆಗುತ್ತಿತ್ತು. ಗಂಡನಿಗೂ ಕಲಿಸಲು ಕೂತಿದ್ದಳು. ಅವನು ಗಲ್ಲಕ್ಕೆ ಕೈಕೊಟ್ಟು ಹ್ಞೂಂಗುಡುತ್ತಿದ್ದ. ಅವನ ಹ್ಞೂಂ ಪಾಠಕ್ಕಲ್ಲ, ಮೂಗಿನ ನತ್ತಿಗೆ ಎಂಬುದು ಆಕೆಗೆ ತಿಳಿದಿರಲಿಲ್ಲ.

ಆ ದಿನ ಎದುರುಮನೆಯ ದುರ್ಗವ್ವನ ಚೊಚ್ಚಲ ಬಸುರಿ ಸೊಸೆ ತುಳಜಾಳ ಕುಬಸ, ಅಂದರೆ ಸೀಮಂತ. ಮುಂಡಗೋಡದಿಂದ ಬೀಗರು ಬರುವವರಿದ್ದರು, ಮಧ್ಯಾಹ್ನ ಅಂಗಳದಲ್ಲಿ ಊಟ. ಮಳೆಗೆ ಜಗ್ಗದ ತಾಡಪತ್ರಿಯ ಪೆಂಡಾಲ ಹಾಕಬೇಕೆಂದು ಮಾತಾಗಿತ್ತು. ಆದರೆ ಮುಜಾಫರ ಬೆಳಗಾವಿಯಿಂದ ಹೊಸದಾಗಿ ತಂದ ಕೆಂಪು–ಹಸಿರು ಬಟ್ಟೆಯ, ಝಾಲರಿಯ ಪೆಂಡಾಲವನ್ನು ಊರಿಗೆ ತೋರಿಸಲು ತುದಿಗಾಲ ಮೇಲಿದ್ದ.

ಅಂಜುಮ ಪರೀಕ್ಷೆಗೆಂದು ಮೊದಲ ಬಸ್ಸಿಗೇ ಹುಬ್ಬಳ್ಳಿಗೆ ಹೋಗಿದ್ದಳು. ಒಳಗೆ ಹೋಗುವ ಮೊದಲು ಆ ದಿನದ ವರದಿಯನ್ನು ಗಂಡನ ಮೊಬೈಲಿಗೆ ಕಳಿಸಿ, ಹೇಗೂ ನಿಮಗೆ ಓದಲು ಬರುತ್ತದಲ್ಲ ಎಂದು ಬರೆದು ಫೋನು ಬಂದ್ ಮಾಡಿದ್ದಳು.

ಟಿಎಸ್ ಅಂದರೆ ಗುಡುಗು, ಆರ್‌ಎ ಅಂದರೆ ಮಳೆ. ಅಷ್ಟು ಅವನ ತಲೆಯಲ್ಲಿ ಉಳಿದಿತ್ತು. ಅದರ ಪಕ್ಕದಲ್ಲಿ ಆ ದಿನದ ತಾರೀಖು, ಹನ್ನೆರಡು, ಒಂದು ಗೀಟು, ಮತ್ತೆ ತಾರೀಖು, ಹದಿನಾಲ್ಕು. ಇಷ್ಟು ಸುಲಭವೇ ಎಂದು ಅವನಿಗೆ ಅಮಲೇರಿತು. ನೇರವಾಗಿ ದುರ್ಗವ್ವನ ಕಟ್ಟೆಗೆ ಹೋದ.

“ಅವ್ವಾರ, ಹನ್ನೆರಡರಿಂದ ಎರಡರ ತನಕ ಗುಡುಗು–ಮಳಿ ಐತಿ. ಆಮ್ಯಾಲೆ ಒಂದ ಹನಿ ಬೀಳೂದಿಲ್ಲ. ಊಟ ಸಂಜಿಕ ಇಟಗೊಳ್ರಿ, ಹೊಸಾ ಪೆಂಡಾಲ ಹಾಕತೇನಿ.”

“ಇದನ್ನ ನೀ ಹೇಳಾಕತ್ತೀಯೋ, ಅಂಜುಮ ಹೇಳಾಕತ್ತಾಳೋ?”

“ಅಂಜುಮನ ಕಳಿಸ್ಯಾಳ್ರಿ,” ಎಂದ. ಅದೇನೂ ಸುಳ್ಳಲ್ಲ.

ಅಂಜುಮಳ ಹೆಸರು ಬಿದ್ದ ಮೇಲೆ ಓಣಿಯಲ್ಲಿ ಯಾರೂ ಸುಮ್ಮನೆ ಕೂರಲಿಲ್ಲ. ದುರ್ಗವ್ವ ಊಟವನ್ನು ಸಂಜೆಗೆ ತಳ್ಳಿದಳು. ಪಕ್ಕದ ಮನೆಯ ಗೋದುಬಾಯಿ ಮಾಳಿಗೆಯ ಮೇಲಿನ ಹಸಿ ಸಂಡಿಗೆಯನ್ನು ಸೀರೆ ಸಮೇತ ಎತ್ತಿ ಒಳಗೆ ತಂದಳು. ಅವು ಒಂದಕ್ಕೊಂದು ಅಂಟಿ ಒಂದೇ ಸಂಡಿಗೆಯಾದವು. ಮೂಲೆಮನೆಯ ಅಂದಾನೆಪ್ಪ ತನ್ನ ಅಂಗಳದಲ್ಲಿ ಹರವಿದ್ದ ಗೋವಿನಜೋಳವನ್ನೆಲ್ಲ ಚೀಲ ತುಂಬಿಸಿ, ಸೊಂಟ ಹಿಡಿದುಕೊಂಡು, ಛತ್ರಿ ಬಿಚ್ಚಿ ಬೀದಿಯಲ್ಲಿ ನಿಂತ.

ಹನ್ನೆರಡಾಯಿತು. ಬಿಸಿಲು ಕಾದ ಹಂಚಿನ ಹಾಗಿತ್ತು. ಮುಂಡಗೋಡದ ಬೀಗರು ಟೆಂಪೊದಿಂದ ಇಳಿದು, ಊಟದ ವಾಸನೆ ಮಾತ್ರ ತೆಗೆದುಕೊಂಡು, ಪಡಸಾಲೆಯಲ್ಲಿ ಒತ್ತೊತ್ತಾಗಿ ಕೂತರು. ಅವರ ಕೈಗೆ ಅವಲಕ್ಕಿ ಬಂತು. ಛತ್ರಿಯ ಕೆಳಗೆ ಬೆವರುತ್ತಿದ್ದ ಅಂದಾನೆಪ್ಪ ಮಳೆ ಎಲ್ಲಿಯವರೆಗೆ ಬಂತೆಂದು ಕೇಳಿದಾಗ ಮುಜಾಫರ, ಧಾರವಾಡದ ಬಸ್ಸಿನ ಸುದ್ದಿ ಹೇಳುವವನಂತೆ, ಇಷ್ಟರಲ್ಲೇ ಬರಬಹುದು ಎಂದ.

ಎರಡೂ ಹೊಡೆಯಿತು. ಬೀಗರಲ್ಲಿ ಹಿರಿಯನಾದ ಪರಸಪ್ಪ ಖಾಲಿ ತಾಟನ್ನು ಬದಿಗೆ ಸರಿಸಿ, ಆ ಹೆಣ್ಣುಮಗಳು ವಿಮಾನದ ಉಸಾಬರಿ ಬಿಟ್ಟು ಒಲೆಯ ಉಸಾಬರಿ ಕಲಿತಿದ್ದರೆ ಛಲೋ ಇತ್ತು ಎಂದ. ತನ್ನನ್ನು ಬೈದಿದ್ದರೆ ಮುಜಾಫರ ನಕ್ಕುಬಿಡುತ್ತಿದ್ದ. ಇದು ಮುಳ್ಳಿನಂತೆ ಚುಚ್ಚಿತು. ಮಳೆಯ ಮಾತು ತಪ್ಪಿದರೂ ಮುಗಿಲು ತಿಳಿಯಾಗಿರುವ ಮಾತಾದರೂ ನಿಲ್ಲಲಿ ಎಂದು ಹಟ ಹಿಡಿದು, ಹೊಸ ಬಟ್ಟೆಯ ಪೆಂಡಾಲವನ್ನು ಝಾಲರಿ ಒಂದೂ ಬಿಡದೆ ಕಟ್ಟಿಸಿದ.

ಸಂಜೆ ಎಲ್ಲರೂ ಪಂಕ್ತಿಗೆ ಕೂತರು. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿದ್ದ ಹಾಗೆಯೇ ಗುಡುಗು ಬಿತ್ತು, ಬೆನ್ನಿಗೇ ಮಳೆ. ಹೊಸ ಬಟ್ಟೆ ಜರಡಿಯಾಯಿತು. ಬರೀ ನೀರು ಸೋರಿದ್ದರೆ ಅಡ್ಡಿಯಿಲ್ಲ, ಬಣ್ಣವೂ ಸೋರಿತು. ಪರಸಪ್ಪನ ಬಿಳಿ ಧೋತರ ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರಾಯಿತು. ಹೆಂಗಸರು ತುಳಜಾಳನ್ನು ಕುರ್ಚಿ ಸಮೇತ ಎತ್ತಿ ಒಳಗೆ ಒಯ್ದರು. ಅವಳಿಗೆ ಮಾತ್ರ ನಗು ತಡೆಯಲಾಗುತ್ತಿರಲಿಲ್ಲ.

ಎಲ್ಲರೂ ಪಡಸಾಲೆಯಲ್ಲಿ ತೊಟ್ಟಿಕ್ಕುತ್ತ ಮುಜಾಫರನನ್ನು ದುರುಗುಟ್ಟುತ್ತಿರುವಾಗ ಅಂಜುಮ ಬಸ್ಸಿಳಿದು ಛತ್ರಿ ಹಿಡಿದು ಬಂದಳು. ಅವಳ ಮೇಲೆ ಒಂದು ಹನಿ ಇರಲಿಲ್ಲ. ದುರ್ಗವ್ವ ಮುಜಾಫರನ ಮೊಬೈಲು ಕಸಿದು ಅವಳ ಮುಂದೆ ಹಿಡಿದಳು. ಅಂಜುಮ ವರದಿ ನೋಡಿದಳು, ಬಣ್ಣದ ಧೋತರ ನೋಡಿದಳು, ಗಂಡನನ್ನೂ ನೋಡಿದಳು. ಎಲ್ಲ ತಿಳಿಯಿತು.

“ವರದಿ ಬರೋಬರಿ ಐತ್ರಿ, ಅವ್ವಾರ. ಇದರ ಗಡಿಯಾರ ನಮ್ಮದಲ್ಲ. ಯಾವ ದೇಶದ ವಿಮಾನ ಇದ್ರೂ ಎಲ್ಲಾರಿಗೂ ಒಂದ ಗಡಿಯಾರ. ಅದು ನಮಗಿಂತ ಐದೂವರಿ ತಾಸು ಹಿಂದ ಐತಿ. ಅಲ್ಲಿ ಹನ್ನೆರಡು ಅಂದ್ರ ನಮಗ ಸಂಜಿ ಐದೂವರಿ.”

ಅಂದಾನೆಪ್ಪ ಕೈಗಡಿಯಾರ ನೋಡಿಕೊಂಡು, ಮಳೆ ಶುರುವಾದ ಹೊತ್ತು ನೆನೆದು, ಹೌದು, ಸರಿಯಾಗಿ ಐದೂವರೆಗೇ ಎಂದ. ಹಾಗಾದರೆ ನಿಲ್ಲುವುದು ಯಾವಾಗ ಎಂದು ದುರ್ಗವ್ವ ಕೇಳಿದಳು. ಏಳೂವರೆಯ ಆಚೀಚೆ ಎಂದಳು ಅಂಜುಮ. ಯಾರೂ ಏಳಲಿಲ್ಲ, ಎಲ್ಲರೂ ಗೋಡೆಯ ಗಡಿಯಾರಕ್ಕೆ ಕಣ್ಣು ನೆಟ್ಟರು. ಮುಳ್ಳು ಅಲ್ಲಿಗೆ ಬರುವ ಹೊತ್ತಿಗೆ ಹೆಂಚಿನ ಮೇಲಿನ ಸದ್ದು ಸಣ್ಣದಾಯಿತು, ನಿಂತೂ ಬಿಟ್ಟಿತು. ಪರಸಪ್ಪ ಎದ್ದು ಎರಡು ಬಣ್ಣದ ಧೋತರದಲ್ಲೇ ಕೈಮುಗಿದ.

“ತಂಗೀ, ನನ್ನ ಮಾತು ಹೊಟ್ಟ್ಯಾಗ ಹಾಕ್ಕೋ. ನಿನ್ನಂಥಾಕಿ ನಮ್ಮ ಮುಂಡಗೋಡಕ್ಕ ಒಬ್ಬಾಕಿ ಬೇಕಾಗಿತ್ತು.”

ಮುಜಾಫರನ ಎದೆ ಉಬ್ಬಿತು. ತಪ್ಪು ತನ್ನದೆಂಬುದು ಮರೆತೇಹೋಯಿತು. ಅಷ್ಟರಲ್ಲಿ ಅಂದಾನೆಪ್ಪ ಅವನ ಹೆಗಲ ಮೇಲೆ ಕೈಯಿಟ್ಟ.

“ಮುಜಾಫರ, ಮೊಮ್ಮಗನ ಹೆಸರಿಡೂದಕ್ಕ ತಾಡಪತ್ರಿ ಪೆಂಡಾಲ ಹೇಳಿದ್ನಲ್ಲ, ಅದು ಬ್ಯಾಡ ಬಿಡು. ಅವತ್ತ ಮುಂಜಾನೆ ಅಂಜುಮನ್ನ ಕೇಳಿ, ಮಳಿ ಇಲ್ಲದ ಹೊತ್ತಿನ್ಯಾಗ ಮುಗಿಸಿಬಿಡತೇವಿ.”

ಇಷ್ಟು ದಿನ ಇದು ಹೊಳೆದೇ ಇರಲಿಲ್ಲವಲ್ಲ ಎಂದು ಗೋದುಬಾಯಿ ತನ್ನ ಮಗಳ ನಿಶ್ಚಯದ ಪೆಂಡಾಲವನ್ನೂ ಬೇಡವೆಂದಳು. ಹಿಂದೆ ಕೂತವರೂ ತಲೆಯಾಡಿಸಿದರು. ಮುಜಾಫರನ ಮನೆ ನಡೆಯುವುದೇ ಮಳೆ ಬಂದೀತೆಂಬ ಹೆದರಿಕೆಯ ಮೇಲೆ. ಆ ಹೆದರಿಕೆಯನ್ನು ಅವನ ಹೆಂಡತಿ ಒಂದೇ ಸಂಜೆಯಲ್ಲಿ ಓಣಿಯಿಂದ ಓಡಿಸಿಬಿಟ್ಟಿದ್ದಳು.

ಮನೆಗೆ ಬಂದು, ಇನ್ನು ಮೇಲೆ ಹವಾಮಾನ ಹೊರಗೆ ಹೇಳಬೇಡವೆಂದು ಅವಳನ್ನು ಬೇಡಿಕೊಂಡ. ಅಂಜುಮ ಪಾಪವೆಂದು ಒಪ್ಪಿದಳು. ಆಮೇಲೆ ಹೊಸ ವರದಿ ತೆರೆದು, ಅವನ ಗದ್ದ ಹಿಡಿದು ಮೊಬೈಲಿನ ಕಡೆ ತಿರುಗಿಸಿ, ಮೊದಲಿನಿಂದ ಕಲಿಸಿದಳು. ಈ ಸಲ ಅವನು ನಿಜವಾಗಿಯೂ ಕೇಳಿದ. ಬೆರಳೆಣಿಸಿ ಐದೂವರೆ ಕೂಡಿಸಿದಾಗ, ಅಂಕಿಗಳೆಲ್ಲ ಅವನ ಕಣ್ಣ ಮುಂದೆ ಮುಗಿಲಾಗಿ, ಗಾಳಿಯಾಗಿ ಬಿಚ್ಚಿಕೊಂಡವು.

ಅದೇ ಹೊತ್ತಿಗೆ ದುರ್ಗವ್ವ ಬಾಗಿಲಿಗೆ ಬಂದು, ಬೀಗರನ್ನು ಉಳಿಸಿಕೊಂಡಿದ್ದೇನೆ, ನಾಳಿನ ಊಟಕ್ಕೆ ತಾಡಪತ್ರಿ ಬೇಕಾದೀತೇ ಎಂದು ಕೇಳಿದಳು. ಮಾತು ಕೊಟ್ಟಿದ್ದ ಅಂಜುಮ ತುಟಿ ಬಿಗಿಹಿಡಿದು ಗಂಡನ ಕಡೆ ನೋಡಿದಳು.

“ಏನೂ ಬ್ಯಾಡ್ರಿ, ಅವ್ವಾರ,” ಎಂದ ಮುಜಾಫರ, ಎದೆ ಸೆಟೆಸಿ ಹೊಸ್ತಿಲಿಗೆ ಬಂದು. “ನಾಳೆ ಸಂಜಿತನಕ ಮುಗಿಲು ಸ್ವಚ್ಛ ಐತಿ. ಈ ಸಲ ನಾನ ಓದೇನಿ.”