ಹುಳು ಮನೆಯಲ್ಲಿ ಅತ್ತೆಯ ಆಫೀಸು

ದಿನಾ ಬೆಳಗ್ಗೆ ಇಸ್ತ್ರಿ ಸೀರೆ ಉಟ್ಟು, ಊಟದ ಡಬ್ಬಿ ಹಿಡಿದು, ಮನೆಯಿಂದ ಹೊರಟು ಮತ್ತೆ ಮನೆಗೇ ಬಂದು ಸೇರುವ ಉದ್ಯೋಗಸ್ಥೆ ಇಡೀ ದೊಡ್ಡಬಳ್ಳಾಪುರ ತಾಲ್ಲೂಕಿಗೆ ಒಬ್ಬಳೇ. ಅವಳು ನಮ್ಮ ಸೋದರತ್ತೆ!

ಔಷಧಿಯನ್ನು ಮನೆಬಾಗಿಲಿಗೆ ತಲುಪಿಸುವ ಕಂಪನಿಯೊಂದರ ಗ್ರಾಹಕರಿಗೆ ಫೋನಿನಲ್ಲಿ ಉತ್ತರ ಹೇಳುವುದು ಅವಳ ಕೆಲಸ. ರಾಜಘಟ್ಟದ ನಮ್ಮ ಮನೆಯಲ್ಲೇ ಕೂತು ಮಾಡಬಹುದು. ಆದರೆ ಅತ್ತೆ ಕೂರಬೇಕಲ್ಲ! ಚಿಕ್ಕಂದಿನ ಪೋಲಿಯೋದಿಂದ ಸೊರಗಿದ ಎಡಗಾಲು, ಕಂಕುಳಲ್ಲಿ ಊರುಗೋಲು. ಆದರೂ ಮುಂಬಾಗಿಲಿನಿಂದ ಇಳಿದು, ಗೋಡೆಗುಂಟ ಸುತ್ತಿ, ಹಿತ್ತಲಿನ ರೇಷ್ಮೆ ಹುಳು ಮನೆ ಸೇರುತ್ತಾಳೆ. ಅದೇ ಆಫೀಸು. ಹಿತ್ತಲ ಬಾಗಿಲಿನಿಂದ ಹೋದರೆ ಹತ್ತೇ ಹೆಜ್ಜೆ!

"ಹತ್ರದ ದಾರಿ ಇದ್ಯಲ್ಲತ್ತೆ?"

"ಆಫೀಸಿಗೆ ಯಾರಾದ್ರೂ ಹಿತ್ಲಿಂದ ಹೋಗ್ತಾರೇನೋ? ದಾರಿ ಬಿಡು, ಲೇಟಾಯ್ತು!"

ಸಂಜೆ ಅದೇ ದಾರಿಯಲ್ಲಿ ವಾಪಸು. ಜಗಲಿಯಲ್ಲಿ ಕೂತ ಅಜ್ಜಿ, ಮಗಳು ಬೆಂಗಳೂರಿನಿಂದಲೇ ಬಂದಳೇನೋ ಎಂಬಂತೆ, "ಆಫೀಸ್ ಹೆಂಗಿತ್ತವ್ವಾ?" ಎನ್ನುತ್ತಾಳೆ. "ಚೆನ್ನಾಗಿತ್ತು ಕಣವ್ವ." ಇಬ್ಬರೂ ನಗುವುದಿಲ್ಲ. ನಗುವವನು ನಾನೊಬ್ಬನೇ.

ಹುಳು ಮನೆಯೇ ಯಾಕೆ? ಹುಳುಗಳಿಗೆ ರೋಗ ತಗಲೀತೆಂದು ಹೊರಗಿನವರು ಅಲ್ಲಿ ಕಾಲಿಡುವಂತಿಲ್ಲ, ಮನೆಯವರೂ ಚಪ್ಪಲಿ ಹೊರಗೇ ಬಿಡಬೇಕು, ಹಾಗಾಗಿ ಗಲಾಟೆಯಿಲ್ಲ. ಆದರೆ ಹುಳುಗಳಿಗೆ ಸುಮ್ಮನಿರಿ ಅಂತ ಯಾರು ಹೇಳಬೇಕು! ಗೂಡು ಕಟ್ಟುವ ಮುಂಚೆ ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು ಥೇಟ್ ಮಳೆ ಸುರಿದ ಹಾಗೆ. ಮೂರು ತಿಂಗಳ ಪರೀಕ್ಷಾ ಅವಧಿ ಮುಗಿಯಲು ಎರಡೇ ದಿನವಿದ್ದಾಗ ಮ್ಯಾನೇಜರ್ ಫೋನು ಬಂತು.

"ಮೇಡಂ, ಹಿಂದೆ ಏನದು ಸದ್ದು?"

"ಮಳೆ ಸಾರ್."

"ನಾಲ್ಕು ದಿನದಿಂದ? ಈ ಬೇಸಿಗೇಲಿ? ನಾಳೆ ವಿಡಿಯೋದಲ್ಲಿ ಜಾಗ ತೋರಿಸಿ. ಕೆಲಸ ಕಾಯಂ ಮಾಡೋದಾ ಬೇಡ್ವಾ, ಆಮೇಲೆ ನೋಡೋಣ."

ಅಂದು ಅತ್ತೆಗೆ ಊಟ ಸೇರಲಿಲ್ಲ. ಮರುದಿನ ಫೋನಿನಲ್ಲಿ ಮ್ಯಾನೇಜರ್ ಮುಖ ಮೂಡಿತು. ನಾನು ಫೋನು ಹಿಡಿದು ಹುಳು ಮನೆಯೊಳಗೆ ಹೆಜ್ಜೆಯಿಡಬೇಕು, ಅಷ್ಟರಲ್ಲಿ ಅತ್ತೆ ಗಾಬರಿಯಲ್ಲೂ ಕೈ ಅಡ್ಡ ಹಿಡಿದಳು.

"ಸಾರ್, ಒಂದ್ನಿಮಿಷ! ಚಪ್ಪಲಿ ಬಿಟ್ಬಿಡಿ. ಹುಳು ಮನೆ ಇದು!"

ಮುಗಿಯಿತು, ಕೆಲಸ ಹೋಯಿತು ಅಂದುಕೊಂಡೆ. ಆತ ಬೆಂಗಳೂರಿನಲ್ಲಿ ಕೂತಲ್ಲೇ ಬಗ್ಗಿ, ನಿಜವಾಗಿಯೂ ಶೂ ಬಿಚ್ಚಿ ಪಕ್ಕಕ್ಕಿಟ್ಟ! ತಟ್ಟೆಗಳ ತುಂಬ ಹುಳು ನೋಡಿ, "ಇದೇನಾ ಮೇಡಂ ನಿಮ್ಮ ಮಳೆ?" ಎಂದು ಬಿದ್ದು ಬಿದ್ದು ನಕ್ಕ. ಹೊರಗಿನ ಸದ್ದು ಕೇಳಿಸದ ಹೆಡ್‌ಫೋನು ಕಳಿಸುತ್ತೇನೆಂದ. ಕೆಲಸ ಕಾಯಂ!

"ಇನ್ನಾದ್ರೂ ಹಿತ್ತಲ ಬಾಗಿಲಿಂದ ಹೋಗು ಅತ್ತೆ," ಅಂದೆ ಖುಷಿಯಲ್ಲಿ. ಅತ್ತೆ ಡಬ್ಬಿ ಒರೆಸುತ್ತಾ ಕೂತಳು.

"ಡಿಗ್ರಿ ಮುಗಿದಾಗ ದೊಡ್ಡಬಳ್ಳಾಪುರದಲ್ಲಿ ಕೆಲಸ ಸಿಕ್ಕಿತ್ತು ಕಣೋ. ಅವ್ವ ಇದೇ ಡಬ್ಬಿ ಕಟ್ಕೊಟ್ಟಿದ್ಲು. ನಾನು ಮೆಟ್ಲು ಹತ್ತೋಷ್ಟ್ರಲ್ಲಿ ಬಸ್ ಹೊರಟ್ಬಿಡೋದು. ಮೂರು ದಿನ ಸ್ಟಾಪಲ್ಲೇ ಉಂಡು ಸಂಜೆ ಮನೆಗೆ ಬಂದೆ. ಅವ್ವ 'ಆಫೀಸ್ ಹೆಂಗಿತ್ತು' ಅಂದ್ರೆ 'ಚೆನ್ನಾಗಿತ್ತು' ಅಂತ ಸುಳ್ಳು ಹೇಳ್ದೆ. ಈಗ ದಿನಾ ನಿಜ ಹೇಳ್ತಾ ಇದೀನಿ."

ನನ್ನ ನಗು ಅಲ್ಲೇ ನಿಂತಿತು. ಸಂಜೆ ಅತ್ತೆ ಮನೆ ಸುತ್ತಿ ಜಗಲಿಗೆ ಬಂದಳು.

"ಆಫೀಸ್ ಹೆಂಗಿತ್ತವ್ವಾ?"

"ಕೆಲಸ ಕಾಯಂ ಆಯ್ತವ್ವ."

ಅಜ್ಜಿ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡಳು. "ಬಸ್ ತಪ್ಪಿದ ಆ ಮೂರು ದಿನಾನೂ ಸ್ಟಾಪಿನ ಬೇಲಿ ಹಿಂದೆ ನಿಂತ್ಕೊಂಡು ನಿನ್ನೇ ನೋಡ್ತಿದ್ದೆ ಕಣವ್ವ," ಎಂದಳು.