ದಾನಮ್ಮನ ಕೆರೆ

ಆಡಳಿತ ಪಾರದರ್ಶಕವಾಗಿದೆ ಎಂಬುದು ಪ್ರಜೆಗಳಿಗೆ ಕುಳಿತಲ್ಲೇ ಗೊತ್ತಾಗಬೇಕೆಂಬ ಸದುದ್ದೇಶದಿಂದ, ಪಶ್ಚಿಮ ಪೌರಸೌಕರ್ಯ ಉಪವಿಭಾಗವು 2006ರ ಯುಗಾದಿಯಂದು ‘ಬೆಳಕಿಂಡಿ’ ಎಂಬ ಅಂತರ್ಜಾಲ ತಾಣವನ್ನು ಲೋಕಾರ್ಪಣೆ ಮಾಡಿತು. ಇನ್ನು ಮುಂದೆ ಬಾಯಿಮಾತಿನ ದೂರು, ಕಾಗದದ ದೂರು ಎರಡನ್ನೂ ಸ್ವೀಕರಿಸತಕ್ಕದ್ದಲ್ಲವೆಂದು ಸುತ್ತೋಲೆ ಹೊರಟಿತು. ಗೋವಿಂದರಾಜನಗರದ ಕಚೇರಿಯಲ್ಲಿ ದೂರು ತೆಗೆದುಕೊಳ್ಳುತ್ತಿದ್ದ ಕೋಣೆಗೆ ಎ.ಸಿ. ಹಾಕಿಸಿ, ಕಂಪ್ಯೂಟರ್ ಇಟ್ಟು, ಧೂಳು ಹೋಗಬಾರದೆಂದು ಬೀಗ ಜಡಿಯಲಾಯಿತು. ಕಿಟಕಿಯ ಗಾಜಿಗೆ ಕಪ್ಪು ಕಾಗದ ಅಂಟಿಸಿದ್ದು ಬಿಸಿಲಿನ ಕಾರಣಕ್ಕೇ ಹೊರತು ಬೇರೆ ಉದ್ದೇಶದಿಂದಲ್ಲ.

ಆ ಹೊತ್ತಿಗೆ ಕಾಮಾಕ್ಷಿಪಾಳ್ಯದಲ್ಲಿ ದಾನಮ್ಮನ ಖಾನಾವಳಿಯ ಮುಂದಿದ್ದ ಮೋರಿಯ ಚಪ್ಪಡಿಗಳು ಸಾಲಾಗಿ ಕುಸಿದಿದ್ದವು. ದಾನಮ್ಮ ಸವದತ್ತಿ ಕಡೆಯವಳು. ತಂಗಿ ಶಂಕ್ರವ್ವನ ಜೊತೆ ಸೇರಿ ಸುತ್ತಲಿನ ಗಾರ್ಮೆಂಟ್ಸು, ಲೇತ್ ಶೆಡ್ಡುಗಳ ಜನಕ್ಕೆ ಜೋಳದ ರೊಟ್ಟಿ ಊಟ ಹಾಕುತ್ತಿದ್ದಳು. ಮೋರಿ ಕಟ್ಟಿಕೊಂಡು ನೀರು ರಸ್ತೆಗೆ ಹರಿದು, ಹೊಸ್ತಿಲ ತನಕ ಬಂದಿತು. ನಾತಕ್ಕೆ ಊಟದವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಒಂದು ದಿನ ಶಂಕ್ರವ್ವ ರೊಟ್ಟಿಯ ಬುಟ್ಟಿ ಸಮೇತ ಮೋರಿಯೊಳಗೆ ಬಿದ್ದಳು. ಅವಳನ್ನು ಮೇಲೆತ್ತಿ, ತೊಳೆದು, ಮಲಗಿಸಿ, ದಾನಮ್ಮ ಸೀದಾ ಕಚೇರಿಗೆ ಹೋದಳು.

ಸಹಾಯಕ ಎಂಜಿನಿಯರ್ ನಾಗಭೂಷಣ್ ಸಜ್ಜನರು. ಅವಳ ಖಾನಾವಳಿಯ ಎಣ್ಣೆಗಾಯಿ ಪಲ್ಯ ಅವರಿಗೆ ಬಹಳ ಇಷ್ಟ. ಮೋರಿ ಒಡೆದ ಮೇಲೂ ಪ್ಯಾಂಟು ಮಡಚಿಕೊಂಡು, ದಾಟಿ ಬಂದು ತಿಂದು ಹೋಗುತ್ತಿದ್ದರು. ದಾನಮ್ಮ ಹೇಳಿದ್ದನ್ನೆಲ್ಲ ಕೇಳಿ ನಿಟ್ಟುಸಿರು ಬಿಟ್ಟರು.

“ನಾನು ನೋಡಿದೀನಿ ದಾನಮ್ಮ. ಆದ್ರೆ ಇಲಾಖೆ ಇನ್ನೂ ನೋಡಿಲ್ಲ. ಆನ್‌ಲೈನಲ್ಲಿ ಬಂದ್ರೆ ನೋಡತ್ತೆ.”

ಹೀಗಾಗಿ ದಾನಮ್ಮ ಮಾಗಡಿ ರಸ್ತೆಯ ವೀರೇಶನ ಸೈಬರ್ ಕೆಫೆಗೆ ಹೋದಳು. ವೀರೇಶ ಮೊದಲು ಅವಳಿಗೊಂದು ಇ-ಮೇಲ್ ವಿಳಾಸ ಮಾಡಿಕೊಟ್ಟ. ಬೆಳಕಿಂಡಿಯಲ್ಲಿ ಕನ್ನಡವನ್ನು ಒತ್ತಿದರೆ ಪರದೆಯ ತುಂಬ ಬರೀ ಚೌಕಗಳು ಬಂದವು, ಆದ್ದರಿಂದ ಇಂಗ್ಲಿಷನ್ನೇ ಒತ್ತಿದ. ದೂರು ಯಾವುದರ ಬಗ್ಗೆ ಎಂದು ತಾಣ ಕೇಳಿತು. ಬೀದಿದೀಪ, ಮರ, ನಾಯಿ, ಕೆರೆ ಇದ್ದವು. ದಾನಮ್ಮ ಗಟಾರ ಎಂದಳು, ವೀರೇಶ ಮೋರಿ ಎಂದ, ಸರ್ಕಾರದವರು ಚರಂಡಿ ಅನ್ನುತ್ತಾರೆಂದು ಅದನ್ನೂ ಹುಡುಕಿದರು. ಯಾವುದೂ ಇರಲಿಲ್ಲ. ಉಪವಿಭಾಗದ ಮೋರಿಗಳೆಲ್ಲ ಸುಸ್ಥಿತಿಯಲ್ಲಿ ಮುಚ್ಚಲ್ಪಟ್ಟಿವೆ ಎಂದು ಹಿಂದಿನ ವರ್ಷವೇ ವರದಿ ಹೋಗಿ, ಕಂಟ್ರಾಕ್ಟರಿಗೆ ಬಿಲ್ಲೂ ಪಾಸಾಗಿತ್ತಾದ್ದರಿಂದ ಆ ಬಗ್ಗೆ ದೂರು ಬರುವ ಸಂಭವವಿರಲಿಲ್ಲ.

“ಆಂಟಿ, ನಾಯಿ ಅಂತ ಹಾಕಿದ್ರೆ ವ್ಯಾನ್ ಕಳಿಸ್ತಾರೆ,” ಎಂದ ವೀರೇಶ. “ನೀರಿದೆ ತಾನೆ? ಕೆರೆ ಅಂತ ಹಾಕೋಣ. ಬಂದು ನೋಡಿದ್ರೆ ಅವರಿಗೇ ಗೊತ್ತಾಗತ್ತೆ.”

ಕೆರೆಯ ಹೆಸರು ಕೊಡದೆ ತಾಣ ಮುಂದಕ್ಕೆ ಬಿಡಲಿಲ್ಲ. ವೀರೇಶ ‘ದಾನಮ್ಮನ ಕೆರೆ’ ಎಂದು ಟೈಪ್ ಮಾಡಿದ. ‘ನೀರು ತುಂಬಿ ಹೊರಕ್ಕೆ ಹರಿಯುತ್ತಿದೆ, ಬೇಗ ಬನ್ನಿ’ ಎಂದೂ ಸೇರಿಸಿದ.

ಒಂದು ವಾರಕ್ಕೆಲ್ಲ ಉತ್ತರ ಬಂತು. “ದಾನಮ್ಮನ ಕೆರೆಯು ತುಂಬಿ ಕೋಡಿ ಹರಿಯುತ್ತಿರುವುದನ್ನು ಗಮನಿಸಲಾಗಿದೆ. ಜಲಮಟ್ಟವು ತೃಪ್ತಿಕರವಾಗಿದೆ. ದೂರನ್ನು ಸಂತೋಷದಿಂದ ಮುಕ್ತಾಯಗೊಳಿಸಲಾಗಿದೆ.”

ನಗರದ ಕೆರೆಗಳು ಒಂದೊಂದಾಗಿ ಮಾಯವಾಗುತ್ತಿದ್ದ ಕಾಲದಲ್ಲಿ ಹೊಸದೊಂದು ಕೆರೆ, ಅದೂ ಬೇಸಿಗೆಯಲ್ಲಿ ತುಂಬಿ ನಿಂತದ್ದು ಮೇಲಿನ ಕಚೇರಿಯನ್ನು ಮುಟ್ಟಿತು. ಉಪನಿರ್ದೇಶಕಿ ಅನಂತಲಕ್ಷ್ಮಿಯವರು ಬಾಗಿನ ಅರ್ಪಿಸಲು ಸ್ವತಃ ಬಂದರು. ಅವರು ಕಾರಿನಿಂದಿಳಿದು ಮೋರಿಯನ್ನು ನೋಡಿದರು. ನಾಗಭೂಷಣರನ್ನು ನೋಡಿದರು. ನಾಗಭೂಷಣರು ಫೋಟೊದವನನ್ನು ನೋಡಿದರು. ಕ್ಯಾಮೆರಾ ಆಗಲೇ ಆನ್ ಆಗಿತ್ತು. ಅನಂತಲಕ್ಷ್ಮಿಯವರು ಸೆರಗನ್ನು ಮೂಗಿನ ಮೇಲೆ ಭಕ್ತಿಯಿಂದ ಎಳೆದುಕೊಂಡು, ಬಳೆ, ಅರಿಶಿನ, ಕುಂಕುಮ, ರವಿಕೆ ಕಣ ಇಟ್ಟಿದ್ದ ಮೊರವನ್ನು ಮೋರಿಗೆ ಬಿಟ್ಟರು. ಮೊರ ಸ್ವಲ್ಪ ದೂರ ತೇಲಿ, ಪ್ಲಾಸ್ಟಿಕ್ ಚೀಲಗಳಿಗೆ ಸಿಕ್ಕಿಹಾಕಿಕೊಂಡು ನಿಂತಿತು. ನೆರೆದವರು ಚಪ್ಪಾಳೆ ತಟ್ಟಿದರು. ಆ ಚಿತ್ರ ಸಂಜೆಯೇ ಬೆಳಕಿಂಡಿಯಲ್ಲಿ ಪ್ರಕಟವಾಯಿತು.

ಚಿತ್ರದ ಕೆಳಗೆ ನಾಗರಿಕರು ಅಭಿಪ್ರಾಯ ಬರೆಯಲು ಜಾಗವಿತ್ತು. ರಾಜರಾಜೇಶ್ವರಿನಗರದ ಹೊಸ ಲೇಔಟುಗಳಿಂದ, ಬಸವೇಶ್ವರನಗರದಿಂದ, ಕಾಮಾಕ್ಷಿಪಾಳ್ಯದ ಬಸ್ಸನ್ನು ಎಂದೂ ಹತ್ತದವರು ಉತ್ಸಾಹದಿಂದ ಬರೆದರು. ಒಬ್ಬರು ಬಾಲ್ಯದಲ್ಲಿ ಆ ಕೆರೆಯಲ್ಲಿ ಈಜಿದ್ದನ್ನು ನೆನೆದುಕೊಂಡರು. ಇನ್ನೊಬ್ಬರು ಚಿತ್ರದ ಮೂಲೆಯಲ್ಲಿದ್ದ ದಾನಮ್ಮನ ಬೋರ್ಡನ್ನು ಗುರುತಿಸಿ, ಕೆರೆಯಂಗಳದಲ್ಲಿ ಹೋಟೆಲಿಗೆ ಅನುಮತಿ ಕೊಟ್ಟವರಾರೆಂದು ಕೇಳಿದರು. ಕೂಡಲೇ ತಾಣದಲ್ಲಿ ಜನಮತ ತೆಗೆದುಕೊಳ್ಳಲಾಯಿತು: ಕೆರೆ ಬೇಕೋ, ಒತ್ತುವರಿ ಬೇಕೋ? ಜನ ಕೆರೆಯನ್ನೇ ಆರಿಸಿದರು. ಪ್ರಜೆಗಳ ಪಾಲ್ಗೊಳ್ಳುವಿಕೆ ನಿರೀಕ್ಷೆ ಮೀರಿತ್ತೆಂದು ಉಪವಿಭಾಗ ಪ್ರಕಟಣೆ ಹೊರಡಿಸಿತು. ದಾನಮ್ಮನ ಶಟರಿಗೆ ತೆರವಿನ ನೋಟಿಸು ಅಂಟಿತು.

ನೋಟಿಸನ್ನು ವೀರೇಶನಿಂದ ಓದಿಸಿಕೊಂಡ ದಾನಮ್ಮನಿಗೆ ಮೊದಲು ನಗು ಬಂತು, ಆಮೇಲೆ ಅದನ್ನು ಇನ್ನೊಮ್ಮೆ ಓದಿಸಿದಳು. ಊರು ಬಿಟ್ಟು ಬಂದು ಇಬ್ಬರೂ ಒಲೆಯ ಮುಂದೆ ಬೆಂದು ಕಟ್ಟಿಕೊಂಡಿದ್ದು ಅದೊಂದೇ ಬದುಕು. ಮತ್ತೆ ನಾಗಭೂಷಣರ ಮುಂದೆ ಹೋಗಿ ನಿಂತಳು.

“ಸಾಹೇಬ್ರ, ನೀವ ನೋಡೀರಿ. ಅದು ಗಟಾರ ಐತಿ ಅಂತ ಒಂದು ಮಾತು ಬರೀರಿ. ನಿಮ್ಮ ಕಾಲಿಗೆ ಬೀಳ್ತೀನಿ.”

ನಾಗಭೂಷಣರು ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಹೇಳಿದರು. “ಮೋರಿ ಅಂದ್ರೆ ಮುಚ್ಚಿದೀವಿ ಅಂತ ಕೊಟ್ಟ ವರದಿ ಸುಳ್ಳಾಗತ್ತೆ. ಮೇಡಂ ಬಾಗಿನ ಕೊಟ್ಟಿದ್ದು ಯಾವುದಕ್ಕೆ ಅನ್ನೋ ಪ್ರಶ್ನೆ ಬರತ್ತೆ. ಅದು ಕೆರೆಯಾಗೇ ಇರ್ಲಿ ದಾನಮ್ಮ. ನಿಮ್ಮನ್ನ ಏನಾದ್ರೂ ಮಾಡೋಣ.”

ಅವರು ಹುಡುಕಿದ ನಿಯಮದ ಪ್ರಕಾರ ಕೆರೆಯಂಗಳದಲ್ಲಿ ಖಾನಾವಳಿ ಕೂಡದು, ಆದರೆ ಕೆರೆ ನೋಡಲು ಬರುವವರಿಗಾಗಿ ಉಪಾಹಾರ ಕೇಂದ್ರವಿರಬಹುದು; ಅದನ್ನು ಕೆರೆ ಸಂರಕ್ಷಣಾ ಸಮಿತಿಯ ಅಧ್ಯಕ್ಷರೇ ನಡೆಸತಕ್ಕದ್ದು. ವೀರೇಶನ ಕೆಫೆಯಲ್ಲಿ ಕುಳಿತು ಸಮಿತಿ ರಚಿಸಿದರು. ದಾನಮ್ಮ ಅಧ್ಯಕ್ಷೆಯಾದಳು. ತೆರವಿನ ನೋಟಿಸಿನ ಮೇಲೆಯೇ ಅಭಿನಂದನಾ ಪತ್ರ ಅಂಟಿಸಲಾಯಿತು.

ಭಾನುವಾರಗಳಂದು ಕಾರುಗಳಲ್ಲಿ ಜನ ಬರತೊಡಗಿದರು. ಮಕ್ಕಳಿಗೆ ಮೋರಿ ತೋರಿಸಿ, ನಗರದಲ್ಲಿ ಉಳಿದಿರುವುದು ಇಷ್ಟೇ ಎಂದು ಮರುಗಿ, ರೊಟ್ಟಿ ಎಣ್ಣೆಗಾಯಿ ತಿಂದು ಹೋಗುತ್ತಿದ್ದರು. ನಾತದ ಬಗ್ಗೆ ಯಾರೂ ದೂರಲಿಲ್ಲ. ನೈಸರ್ಗಿಕ ಜಲಮೂಲ ಎಂದರೆ ಹೀಗೇ ಇರುತ್ತದೆಂದು ತಿಳಿದವರು ತಿಳಿಯದವರಿಗೆ ವಿವರಿಸುತ್ತಿದ್ದರು. ದಾನಮ್ಮ ಹೆಂಚಿನ ಮುಂದೆ ಕುಳಿತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಮೊದಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ರೊಟ್ಟಿ ಬಡಿಯುವುದರಲ್ಲೇ ಪುರುಸೊತ್ತು ಸಿಗದಾಯಿತು.

ಅಷ್ಟರಲ್ಲಿ ನಾಗಭೂಷಣರಿಗೆ ವರ್ಗವಾಗಿ, ರೇವಣಸಿದ್ದಯ್ಯ ಎಂಬ ಹೊಸ ಎಂಜಿನಿಯರ್ ಬಂದರು. ಅವರಿಗಿನ್ನೂ ಬೆಳಕಿಂಡಿಯ ಪಾಸ್‌ವರ್ಡ್ ಕೊಟ್ಟಿರಲಿಲ್ಲ. ಆದ್ದರಿಂದ ಅವರು ಬೀದಿಯಲ್ಲಿ ನಡೆದುಕೊಂಡು ಹೋಗಿ, ಕಣ್ಣಿಂದ ನೋಡಿ, ಮೋರಿ ತೆರೆದಿದೆ ಎಂಬ ತೀರ್ಮಾನಕ್ಕೆ ಬಂದರು. ಮರುದಿನವೇ ಲಾರಿಯಲ್ಲಿ ಚಪ್ಪಡಿಗಳನ್ನು ಇಳಿಸಿದರು.

ಆಳುಗಳು ಮೊದಲನೆಯ ಚಪ್ಪಡಿಗೆ ಹಾರೆ ಕೊಟ್ಟಾಗ ದಾನಮ್ಮ ಹೊರಗೆ ಬಂದಳು. ಅವಳು ಇಷ್ಟು ದಿನ ಬೇಡಿಕೊಂಡಿದ್ದ ಕಲ್ಲು ಅದೇ. ಶಂಕ್ರವ್ವ ಹಿಂದಿನಿಂದ ಸೆರಗು ಜಗ್ಗಿ, “ಮುಚ್ಚಲಿ ಬಿಡು ಅಕ್ಕಾ,” ಎಂದಳು. ದಾನಮ್ಮ ನೀರನ್ನು ನೋಡಿದಳು, ಒಳಗೆ ಎಲೆ ಮುಂದಿಟ್ಟುಕೊಂಡು ಕುಳಿತಿದ್ದವರನ್ನು ನೋಡಿದಳು. ಮುಚ್ಚಿದರೆ ಕೆರೆಯಿಲ್ಲ, ಕೆರೆಯಿಲ್ಲದಿದ್ದರೆ ಕೇಂದ್ರವಿಲ್ಲ. ಹೋಗಿ ಚಪ್ಪಡಿಯ ಮೇಲೆ ಕುಳಿತುಬಿಟ್ಟಳು.

“ಇದು ಕೆರಿ ಐತ್ರಿ ಸಾಹೇಬ್ರ. ಮೊದಲ ಕಂಪ್ಯೂಟರ್ ನೋಡ್ಕೊಂಡು ಬರ್ರಿ.”

ಊಟಕ್ಕೆ ಕುಳಿತಿದ್ದವರು ಎಂಜಲು ಕೈಯಲ್ಲೇ ಎದ್ದು ಬಂದು ಅವಳ ಸುತ್ತ ನಿಂತರು. ರೇವಣಸಿದ್ದಯ್ಯನವರು ವೀರೇಶನ ಕೆಫೆಗೆ ಹೋದರು. ಬೆಳಕಿಂಡಿಯನ್ನು ಪೂರ್ತಿ ಓದಿ, ಬಾಗಿನದ ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿ, ವಾಪಸ್ ಬಂದು ಎಲ್ಲರ ಮುಂದೆ ಕ್ಷಮೆ ಕೇಳಿದರು. ತಾಣವನ್ನು ಪರಿಶೀಲಿಸದೆ ನೇರವಾಗಿ ನೋಡಿದ್ದಕ್ಕಾಗಿ ಅವರಿಗೆ ಮೆಮೊ ಬಂತು. ಬರಿಗಣ್ಣಿನಿಂದ ಕಂಡದ್ದನ್ನು ಆಧಾರವಾಗಿಟ್ಟುಕೊಂಡು ಯಾವುದೇ ಕಾಮಗಾರಿ ಕೈಗೊಳ್ಳಬಾರದೆಂದು ಸುತ್ತೋಲೆಯೂ ಹೊರಟಿತು.

ಚಪ್ಪಡಿಗಳನ್ನು ಹಿಂದಕ್ಕೆ ಒಯ್ಯಲು ಲಾರಿ ಮಂಜೂರಾಗಲಿಲ್ಲ. ಅವನ್ನು ಇಟ್ಟಿಗೆಗಳ ಮೇಲೆ ಹಾಸಿ, ಮೋರಿಯ ಉದ್ದಕ್ಕೂ ಕೂರುವ ಕಟ್ಟೆ ಮಾಡಲಾಯಿತು. ಸಂಜೆ ಸುತ್ತಮುತ್ತಲಿನವರು ಬಂದು ಅಲ್ಲಿ ಸಾಲಾಗಿ ಕುಳಿತು, ಮೂಗಿಗೆ ಕರವಸ್ತ್ರ ಹಿಡಿದು ನೀರು ನೋಡುತ್ತಾರೆ. ರೇವಣಸಿದ್ದಯ್ಯನವರೂ ಬರುತ್ತಾರೆ. ಈ ಸಲ ಮಳೆ ಚೆನ್ನಾಗಿ ಬಂದರೆ ದೋಣಿ ಬಿಡಿಸುವ ಆಲೋಚನೆ ಇದೆ ಎಂದು ಅವರು ಹೇಳಿದಾಗ, ಆಳ ಸಾಲದು ಎಂದು ಯಾರೂ ಅನ್ನಲಿಲ್ಲ.